ಹದ್ದಿನ ಮೈಮೇಲಿನ ದಾಗೀನ

"ಇಕೀ ಕಾಲಾಗ ಚಕ್ರ ಐತಿ" ಎಂದು ಅವ್ವ ಮನೆಗೆ ಬಂದವರಿಗೆಲ್ಲ ನನ್ನ ಬಗ್ಗೆ ಹೇಳುತ್ತಾಳೆ. ಸುಳ್ಳಲ್ಲ. ಉಣ್ಣುವಾಗಲೂ ನನ್ನ ಒಂದು ಮೊಣಕಾಲು ಅಲುಗುತ್ತಲೇ ಇರುತ್ತದೆ. ಬಸ್ಸು ತಡವಾದರೆ ನಿಂತಲ್ಲಿ ನಿಲ್ಲದೆ ಮುಂದಿನ ಸ್ಟಾಪಿಗೆ ನಡೆದು ಹೋಗುವವಳು ನಾನು. ಎಷ್ಟೋ ಸಲ ನಡುದಾರಿಯಲ್ಲಿ ಬಸ್ಸು ನನ್ನ ಮುಖಕ್ಕೆ ಧೂಳು ಹಾರಿಸಿ ಹೋಗಿದೆ. ಇಂಥವಳಿಗೆ ಹಕ್ಕಿ ಕಾಯುವ ಕೆಲಸ ಸಿಕ್ಕಿದ್ದು ದೇವರ ಚೇಷ್ಟೆಯೇ ಇರಬೇಕು.

ನಾನು ಬಸವನ ಬಾಗೇವಾಡಿ ಕಡೆಯವಳು. ಓದಿದ್ದು ಪ್ರಾಣಿಶಾಸ್ತ್ರ. ಸಿಂದಗಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹಳೆಯ ಸ್ಕೂಟಿ, ಒಂದು ದುರ್ಬೀನು, ಇಷ್ಟೇ ನನ್ನ ಸಂಸಾರ. ಚಳಿಗಾಲಕ್ಕೆ ನಮ್ಮ ಎರೆಹೊಲಗಳಿಗೆ ಬರುವ ಸೆಳೆವಗಳ ಮೇಲೆ ನಡೆಯುತ್ತಿದ್ದ ಒಂದು ಸಂಶೋಧನೆಯಲ್ಲಿ ನಾನು ಸಹಾಯಕಿ. ಸೆಳೆವ ಎಂದರೆ ಹದ್ದಿನ ಜಾತಿಯದೇ, ಆದರೆ ಹಗುರ ಮೈ, ಉದ್ದ ರೆಕ್ಕೆ. ಜೋಳದ ತೆನೆಗೆ ಹೊಟ್ಟೆ ತಾಗುವಷ್ಟು ಕೆಳಗೆ ತೇಲುತ್ತ ಮಿಡತೆ, ಇಲಿ ಹುಡುಕುತ್ತದೆ. ನಮ್ಮ ಕಡೆ ಜನಕ್ಕೆ ಕೊಕ್ಕು ಬಾಗಿದ್ದೆಲ್ಲ ಹದ್ದೇ, ಅದಕ್ಕೆ ನಾನೂ ಊರುಗಳಲ್ಲಿ ಹದ್ದು ಎಂದೇ ಮಾತಾಡುತ್ತೇನೆ. ಹಿಮಾಲಯದ ಆಚೆಗಿನ ಹುಲ್ಲುಬಯಲುಗಳಲ್ಲಿ ಹುಟ್ಟಿ, ಚಳಿ ಬೀಳುವ ಮೊದಲು ಇಷ್ಟು ದೂರ ಬರುತ್ತವೆ. ಅವು ಮರದ ಮೇಲೆ ಮಲಗುವುದಿಲ್ಲ. ಹೊತ್ತು ಮುಳುಗುವಾಗ ಎಲ್ಲೆಲ್ಲಿಂದಲೋ ಬಂದು ಒಂದೇ ಹುಲ್ಲುಗಾವಲಿನಲ್ಲಿ, ನೆಲದ ಮೇಲೆ, ಗುಂಪಾಗಿ ಇಳಿಯುತ್ತವೆ. ಸಿಂದಗಿಗೂ ಇಂಡಿಗೂ ನಡುವೆ ಅಂಥ ಒಂದು ಹುಲ್ಲುಗಾವಲಿದೆ.

ಆ ಗುಂಪು ವರ್ಷದಿಂದ ವರ್ಷಕ್ಕೆ ಕರಗುತ್ತಿತ್ತು. ಯಾಕೆ ಎನ್ನುವುದೇ ನಮ್ಮ ಪ್ರಶ್ನೆ. ಹುಲ್ಲುಗಾವಲನ್ನು ಉಳುತ್ತ ಬಂದದ್ದಕ್ಕೋ, ಕರೆಂಟಿನ ತಂತಿಗೆ ತಾಗಿಯೋ, ವಿಷಕ್ಕೋ, ಇಲ್ಲ ಅವುಗಳ ತವರಿನಲ್ಲೇ ಏನಾದರೂ ಕೆಟ್ಟಿದೆಯೋ? ಸತ್ತ ಹಕ್ಕಿಯೊಂದು ಕೈಗೆ ಸಿಗದೆ ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಸತ್ತ ಹಕ್ಕಿಯೋ, ನಮಗಿಂತ ಮೊದಲು ನಾಯಿಗೆ ಸಿಗುತ್ತದೆ.

ಅದಕ್ಕೇ ಕೆಲವು ಹಕ್ಕಿಗಳನ್ನು ಹಿಡಿದು ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಬಿಟ್ಟಿದ್ದೆವು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೇಲೆ ಬಿಸಿಲು ಕುಡಿಯುವ ಗಾಜಿನ ಪಟ್ಟಿ, ಒಂದು ಕಡೆ ಕೂದಲಿನಂಥ ತಂತಿ. ತಾನು ಹೋದ ದಾರಿಯನ್ನು ನೆನಪಿಟ್ಟುಕೊಂಡು ದಿನಕ್ಕೆ ಕೆಲವೇ ಸಲ ಸುದ್ದಿ ಕಳಿಸುತ್ತದೆ, ಅದು ನನ್ನ ಮೊಬೈಲಿನ ನಕಾಶೆಯಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಅವುಗಳಲ್ಲಿ ಒಂದು ಕಂದು ಬಣ್ಣದ ಹೆಣ್ಣು. ಯಂತ್ರ ಕಟ್ಟುವಾಗ ಅದನ್ನು ಹಿಡಿದುಕೊಂಡಿದ್ದವಳು ನಾನೇ. ಅದರ ಎದೆ ನನ್ನ ಅಂಗೈಯಲ್ಲಿ ದಡದಡ ಬಡಿಯುತ್ತಿತ್ತು. ಹಳದಿ ಕಣ್ಣಿನಿಂದ ನನ್ನನ್ನು ಹೇಗೆ ನೋಡಿತೆಂದರೆ, ನಾನೇ "ತಪ್ಪಾತವ್ವಾ, ಸ್ವಲ್ಪ ತಡಿ" ಎಂದುಬಿಟ್ಟೆ. ಬೇಸಿಗೆಗೆ ಅದು ಬಡಗಣಕ್ಕೆ ಹೋಯಿತು. ಉಳಿದವುಗಳ ಚುಕ್ಕಿಗಳು ದಾರಿಯಲ್ಲೆಲ್ಲೋ ಆರಿಹೋದವು. ಮರುವರ್ಷ ಚಳಿ ಶುರುವಾದಾಗ ಇದೊಂದೇ ಗುಡ್ಡ, ಮರಳುಗಾಡು ಎಲ್ಲ ದಾಟಿ, ಇದೇ ಹುಲ್ಲುಗಾವಲಿಗೆ ವಾಪಸು ಬಂತು. ನಾನು ಸಿಂದಗಿಯ ಓಣಿಯಲ್ಲೆಲ್ಲ ಪೇಢೆ ಹಂಚಿದೆ. ಮಗ್ಗುಲ ಮನೆಯವರು ನನಗೆ ಗಂಡು ಗೊತ್ತಾಯಿತು ಎಂದು ತಿಳಿದರು.

ಎಳ್ಳ ಅಮಾಸೆ ಮುಗಿದ ವಾರ ನನ್ನನ್ನು ಆಲಮಟ್ಟಿಗೆ ಕಳಿಸಿದ್ದರು. ಹಿನ್ನೀರಿಗೆ ಬಂದ ಹೆಬ್ಬಾತುಗಳನ್ನು ಎಣಿಸುವ ಕೆಲಸ. ಬೆಳಿಗ್ಗೆ ನೀರಿನ ದಂಡೆಯಲ್ಲಿ ಕುಳಿತು ಮೊಬೈಲು ನೋಡಿದರೆ, ನನ್ನ ಹೆಣ್ಣಿನ ಚುಕ್ಕಿ ಹುಲ್ಲುಗಾವಲಿನಲ್ಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಒಂದು ಊರಿನಲ್ಲಿದೆ. ಊರಿನಲ್ಲಿ ಎಂದರೆ ಊರ ಹೊರಗಲ್ಲ, ಓಣಿಯಲ್ಲಿ, ಒಂದು ಮನೆಯ ಮೇಲೆ. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಇಷ್ಟರಲ್ಲಿ ಚುಕ್ಕಿ ಎದ್ದಿತು. ಎದ್ದು, ಸಿಂದಗಿಯ ದಾರಿ ಹಿಡಿಯಿತು.

ಸಂಶೋಧನೆಯ ಹಿರಿಯರು, ನಾವು ಸರ್ ಎನ್ನುವವರು, ದಕ್ಷಿಣದ ಕಡೆಯವರು, ಫೋನು ಮಾಡಿದರು. ದನಿಯಲ್ಲಿ ಖುಷಿ.

"ನೋಡಿದ್ಯಾಮ್ಮ? ಹಾರ್ತಾ ಇದೆ!"

"ಸರ್, ರಸ್ತೆ ಹೆಂಗ ತಿರಗೇತಿ ಹಂಗ ತಿರುಗಾಕತ್ತೇತ್ರಿ. ಈಗ ಬಸ್ ಸ್ಟ್ಯಾಂಡಿನಾಗ ಇಳದೈತಿ. ಸೆಳೆವ ಬಸ್ ಹತ್ತಂಗಿಲ್ರಿ."

ಯಾರೋ ಹಿಡಿದಿದ್ದಾರೆ, ಪಂಜರದಲ್ಲಿ ಹಾಕಿ ಮಾರಲು ಒಯ್ಯುತ್ತಿದ್ದಾರೆ ಎಂದೇ ನನಗೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ಹೆಬ್ಬಾತುಗಳನ್ನು ಜೊತೆಗಾರರಿಗೆ ಒಪ್ಪಿಸಿ, ಸ್ಕೂಟಿ ಒದ್ದು ಸಿಂದಗಿಗೆ ಹೊರಟೆ. ದಾರಿಯುದ್ದಕ್ಕೂ ಆ ಕಳ್ಳನಿಗೆ ಏನೇನು ಬೈಯಬೇಕೆಂದು ಜೋಡಿಸುತ್ತ ಹೋದೆ. ನಮ್ಮ ಕಡೆ ಬೈಗುಳಕ್ಕೇನು ಬರವಿಲ್ಲ.

ಸಿಂದಗಿಯಲ್ಲಿ ಚುಕ್ಕಿ ಕಂಡಿದ್ದ ಜಾಗದಲ್ಲಿ ಒಂದು ಮೊಬೈಲು ರಿಪೇರಿ ಅಂಗಡಿ. ಚುಕ್ಕಿಯ ಸುದ್ದಿ ನನಗೆ ತಲುಪುವುದು ತಡವಾಗಿ. ನಾನು ಹೋಗುವ ಹೊತ್ತಿಗೆ ಅಲ್ಲಿ ಹಕ್ಕಿಯೂ ಇರಲಿಲ್ಲ, ಪಂಜರವೂ ಇರಲಿಲ್ಲ. ಅಂಗಡಿಯವನು ಕಣ್ಣಿನ ಭೂತಗನ್ನಡಿ ತೆಗೆದು ಹೇಳಿದ, "ಹಕ್ಕಿ ಇಲ್ರೀ ಅಕ್ಕಾರ. ಒಬ್ಬ ಮುದುಕರು ಬಂದಿದ್ರು, ತಲಿಗೆ ಪಟಕಾ ಸುತ್ತಿದ್ರು. ಕಿಸೇದಾಗಿಂದ ಒಂದು ಸಣ್ಣ ಡಬ್ಬಿ ತಗದು 'ಇದರ ಮಾಲಕರು ಯಾರು, ನೋಡಿ ಹೇಳಪಾ' ಅಂದ್ರು. ಅದರ ಮ್ಯಾಲಿನ ಅಕ್ಷರ ಎಲ್ಲಾ ತಿಕ್ಕಿ ಹೋಗ್ಯಾವು. ಜಿಪಿಎಸ್ ಇದ್ದಂಗ ಐತಿ, ಲಾರಿಯವರದಿರಬೇಕು, ಪೊಲೀಸರಿಗೆ ಕೊಡ್ರಿ ಅಂದೆ. ತಮ್ಮೂರು ಇಂಡಿ ಠಾಣೇಕ ಬರ್ತೇತಿ ಅಂತ ಇಂಡಿಗೆ ಹೋದ್ರು."

"ಡಬ್ಬಿ ಅಷ್ಟ ಇತ್ತೇನು? ಹಕ್ಕಿ?"

"ಹಕ್ಕಿ ಬಗ್ಗೆ ಏನೂ ಅನ್ನಲಿಲ್ರಿ."

ಡಬ್ಬಿ ಬೇರೆ, ಹಕ್ಕಿ ಬೇರೆ. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೆ ಮನಸ್ಸು ಎಂಥ ವಕೀಲ ನೋಡಿ: ದಾರ ಹರಿದು ಡಬ್ಬಿ ಬಿದ್ದಿರಬಹುದು, ಹಕ್ಕಿ ಆರಾಮಾಗಿ ಹುಲ್ಲುಗಾವಲಿನಲ್ಲಿರಬಹುದು ಎಂದು ವಾದಿಸಿತು. ಹಾಗೆ ಬೀಳುವುದೂ ಉಂಟು. ಆ ಮುದುಕರಿಗೆ ಡಬ್ಬಿ ಎಲ್ಲಿ ಸಿಕ್ಕಿತು ಎಂದು ಕೇಳದ ಹೊರತು ಹಕ್ಕಿ ಬದುಕಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಸ್ಕೂಟಿ ಇಂಡಿಯ ಕಡೆ ತಿರುಗಿಸಿದೆ.

ಇಂಡಿಯ ಠಾಣೆಯಲ್ಲಿ ಪೇದೆಯೊಬ್ಬರು ನಗುತ್ತಲೇ ಎದುರಾದರು. "ಹೌದ್ರಿ, ಬಂದಿದ್ರು ಮುತ್ಯಾ. ಹದ್ದಿನ ದಾಗೀನ ಅಂದ್ರು. ಹದ್ದಿಗ್ಯಾರ ದಾಗೀನ ಹಾಕ್ತಾರ ಮುತ್ಯಾ ಅಂದ್ವಿ. ಇಲ್ಲಿ ಇಟ್ಟು ಹೋಗ್ರಿ ಅಂದ್ರ ಕೊಡಲಿಲ್ಲ. 'ಮಾಲಕರ ಕೈಯಾಗ ಕೊಡ್ತೇನಿ' ಅಂದು ಎದ್ದು ಹೋದ್ರು. ಬಾಗೇವಾಡ್ಯಾಗ ಮಗಳ ಮನಿ ಐತಂತ."

ದಾಗೀನ, ಅಂದರೆ ಒಡವೆ, ಎನ್ನುವ ಮಾತು ನನ್ನ ಕಿವಿಯಲ್ಲಿ ಮುಳ್ಳಿನಂತೆ ಕುಳಿತಿತು. ಯಾಕೆ ಹಾಗೆಂದರು ಎಂದು ಮಾತ್ರ ಅರ್ಥವಾಗಲಿಲ್ಲ. ಆ ರಾತ್ರಿ ಸಿಂದಗಿಯ ಕೋಣೆಯಲ್ಲಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಬಾಗೇವಾಡಿಗೆ ಹೋದೆ. ನನ್ನದೇ ಊರ ಕಡೆ, ಆದರೂ ಮನೆಗೆ ಹೋಗದೆ ಚುಕ್ಕಿ ತೋರಿಸಿದ ಓಣಿಗೆ ಹೋದೆ. ಮುದುಕರ ಮಗಳು ಬಾಗಿಲಲ್ಲೇ ಸಿಕ್ಕಳು. ಒಂದು ಗಂಟೆಯ ಹಿಂದೆ ಅಪ್ಪ ಮುದ್ದೇಬಿಹಾಳದ ಬಸ್ಸು ಹತ್ತಿದ ಎಂದಳು. ಅವಳ ಮಗಳ ಸಾಲಿ ಮಾಸ್ತರರು, ಇದು ಹಕ್ಕಿ ನೋಡುವವರದು, ಅವರು ಆಲಮಟ್ಟಿ, ಮುದ್ದೇಬಿಹಾಳದ ಕಡೆ ಹೊಳೆ ದಂಡೆಗೆ ತಿರುಗುತ್ತಿರುತ್ತಾರೆ, ಅರಣ್ಯದವರನ್ನು ಕೇಳಿದರೆ ಗೊತ್ತಾಗುತ್ತದೆ ಎಂದು ಹೇಳಿದರಂತೆ.

ಅಂದರೆ ಅವರು ನನ್ನನ್ನೇ ಹುಡುಕುತ್ತ ನಾನು ಇದ್ದ ಕಡೆಗೆ ಹೋಗುತ್ತಿದ್ದರು, ನಾನು ಅವರನ್ನು ಹುಡುಕುತ್ತ ಅವರು ಬಿಟ್ಟು ಹೋದ ಕಡೆಗೆ ಬರುತ್ತಿದ್ದೆ! ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಫೋನು ಹಚ್ಚಿ ಗೋಳಾಡಿದೆ.

"ನೀ ಒಂದ ಕಡೆ ಕುಂಡ್ರಾಕ ಕಲತಿದ್ರ ಇದ್ಯಾವುದೂ ಇರತಿರಲಿಲ್ಲ" ಎಂದಳು ಅವ್ವ. "ಅವರ ಮಗಳ ಕಡೆ ಫೋನ್ ನಂಬರ್ ಇಲ್ಲೇನು?"

ಮುದುಕರು ಫೋನನ್ನು ಮನೆಯಲ್ಲೇ ಬಿಟ್ಟು ತಿರುಗುವವರು. ಆದರೆ ಮಗಳಿಗೆ ಆ ಬಸ್ಸಿನ ಕಂಡಕ್ಟರು ಗೊತ್ತಿದ್ದರು. ಅವರಿಗೆ ಹೇಳಿಸಿದಳು, "ಅಪ್ಪಾಗ ಹೇಳ್ರಿ, ಮುದ್ದೇಬಿಹಾಳ ಸ್ಟ್ಯಾಂಡಿನಾಗ ಕುಂತಲ್ಲೇ ಕುಂತಿರಲಿ, ಹದ್ದಿನ ಮಾಲಕರು ಬರಾಕತ್ತಾರ." ಮಾಲಕರು ಎಂದಾಗ ನನಗೆ ನಗು ಬಂತು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಅವರು ಕುಳಿತಿದ್ದರು. ಬಿಳಿ ಧೋತರ, ಕೆಂಪು ಪಟಕಾ, ಹಣೆಗೆ ವಿಭೂತಿ. ಒಂದು ಕೈ ಅಂಗಿಯ ಎದೆಗಿಸೆಯ ಮೇಲೆ ಹಾಗೇ ಇತ್ತು. ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಅವರ ಮುಖ ನೋಡಿ ಗಂಟಲಲ್ಲೇ ಕರಗಿತು.

"ನೀವೇನವ್ವಾ ಮಾಲಕರು?" ಎಂದರು. "ಕುಂಡ್ರು. ತಿರಿಗಿ ತಿರಿಗಿ ಸಾಕಾತು."

"ನಾನೂ ತಿರಗೇ ತಿರಗೇನ್ರಿ ಕಾಕಾ. ಹಕ್ಕಿ ಎಲ್ಲೈತ್ರಿ?"

ಅವರು ಕಿಸೆಯಿಂದ ಯಂತ್ರ ತೆಗೆದು ನನ್ನ ಅಂಗೈಯಲ್ಲಿಟ್ಟರು. ದಾರಗಳನ್ನು ಯಾರೋ ಹರಿಯದೆ, ಕತ್ತರಿಯಿಂದ ನಯವಾಗಿ ಕತ್ತರಿಸಿದ್ದರು. "ಮಣ್ಣ ಮಾಡೇವ್ರಿ" ಎಂದರು.

ಸುತ್ತಲೂ ಬಸ್ಸುಗಳು, ಶೇಂಗಾ ಮಾರುವವರು, ಹಾರ್ನುಗಳು. ಅವರೇ ಹೇಳುತ್ತ ಹೋದರು. ಎಳ್ಳ ಅಮಾಸೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೂ ಹುಳುಹುಪ್ಪಡಿ ಹಕ್ಕಿಪಕ್ಕಿಗೂ ಸಲ್ಲಲಿ ಎಂದು ಸಜ್ಜಿಕಡಬು, ಪುಂಡಿಪಲ್ಯೆ, ಭಜ್ಜಿಯ ಚರಗವನ್ನು ಬೆಳೆಯ ನಡುವೆ ಚೆಲ್ಲಿ ಬಂದಿದ್ದರು. ಮರುದಿನ ಹೋದರೆ ಬನ್ನಿಗಿಡದ ಬುಡದಲ್ಲಿ ಹದ್ದು ಬಿದ್ದಿತ್ತು, ರೆಕ್ಕೆ ಹರವಿಕೊಂಡು.

"ಚರಗಕ್ಕ ಬಂದ ಜೀವ. ನಮ್ಮ ಹೊಲದಾಗ ಹೋತು. ನಾಯಿ ಪಾಲ ಮಾಡಾಕ ಬರ್ತೇತೇನು? ಮನಿಯಾಕಿ ನೋಡಿದ್ಲು, ಬೆನ್ನ ಮ್ಯಾಲ ದಾಗೀನ. ಯಾರೋ ಸಾಕಿದ್ದು ಅಂದ್ಲು. ಮಣ್ಣಿಗಿಡೂ ಮುಂದ ಮೈಮ್ಯಾಲಿನ ದಾಗೀನ ತಗೀಬೇಕಲ್ಲ, ತಗದ್ಲು. ಕುಣಿ ತೋಡಿ, ವಿಭೂತಿ ಹಚ್ಚಿ, ಪತ್ರಿ ಹಾಕಿ ಇಟ್ವಿ. ದಾಗೀನ ಜಗಲಿ ಮ್ಯಾಲ, ಕಿಡಕಿ ಹತ್ರ ಇಟ್ಟಿದ್ವಿ. ಸತ್ತಾವರ ದಾಗೀನ ನಮ್ಮ ಮನ್ಯಾಗ ಎಷ್ಟ ದಿನ ಇಟ್ಕೋಬೇಕು? ಅದಕ್ಕ ಅದರ ಮನ್ಯಾವರನ್ನ ಹುಡಕಾಕ ಹೊಂಟೆ."

ಕಿಟಕಿಯ ಬಿಸಿಲು ಕುಡಿದು ಯಂತ್ರ ಬದುಕಿತ್ತು. ಮಣ್ಣಲ್ಲಿದ್ದ ಹಕ್ಕಿಯ ಸುದ್ದಿಯನ್ನು ಅದು ಮುದುಕರ ಎದೆಯ ಮೇಲಿಂದ ನಾಲ್ಕು ಊರು ತಿರುಗುತ್ತ ಕಳಿಸಿತ್ತು. ನನಗೆ ಅಳು ಬಂತು. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ, ಎಲ್ಲರೆದುರು, ಗಳಗಳ ಅತ್ತೆ. ಕಾಕಾ ಪಟಕಾದ ತುದಿ ಮುಂದೆ ಮಾಡಿ "ಒರಸ್ಕೋ ಯವ್ವಾ" ಎಂದರು.

ಸರ್‌ಗೆ ಫೋನು ಮಾಡಿದೆ. ಅವರು ಕೇಳದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಕೇಳಿದರು. "ದೇಹ ಸಿಗುತ್ತಾ?"

ಅಲ್ಲಿಗೆ ನನ್ನ ಸಂಕಟ ಶುರುವಾಯಿತು. ಇಷ್ಟು ವರ್ಷ ನಮಗೆ ಬೇಕಿದ್ದದ್ದು ಒಂದು ಸತ್ತ ಹಕ್ಕಿ. ಈಗ ಅದು ಒಂದು ಬನ್ನಿಗಿಡದ ಕೆಳಗೆ, ವಿಭೂತಿ ಹಚ್ಚಿಕೊಂಡು ಮಲಗಿದೆ. ತೆಗೆದು ಪರೀಕ್ಷೆಗೆ ಕಳಿಸಿದರೆ ಅದು ಹೇಗೆ ಸತ್ತಿತು ಎಂದು ತಿಳಿಯುತ್ತದೆ, ಹುಲ್ಲುಗಾವಲಿನಲ್ಲಿ ಉಳಿದವನ್ನು ಉಳಿಸುವ ದಾರಿ ಗೊತ್ತಾಗುತ್ತದೆ. ತಡ ಮಾಡಿದರೆ ಮಣ್ಣು ಎಲ್ಲವನ್ನೂ ತಿಂದುಬಿಡುತ್ತದೆ. ಆದರೆ ಮಣ್ಣಿಗಿಟ್ಟದ್ದನ್ನು ತೆಗೆಯಿರಿ ಎಂದು ಆ ಮನುಷ್ಯರಿಗೆ ಯಾವ ಬಾಯಿಂದ ಹೇಳಲಿ?

ಮರುದಿನ ಅರಣ್ಯದ ಗಾರ್ಡ್ ಒಬ್ಬರನ್ನು ಕರೆದುಕೊಂಡು ಅವರ ಊರಿಗೆ ಹೋದೆ. ಕಾಕು, ಅಂದರೆ ಕಾಕಾನ ಹೆಂಡತಿ, ನಮಗೆ ಚಹಾ ಕೊಟ್ಟು ಕಂಬಕ್ಕೊರಗಿ ಕುಳಿತರು. ನಾನು ಹೇಗೋ ಮಾತು ತೆಗೆದೆ. ಕಾಕಾನ ಮುಖ ಗಂಟಾಯಿತು.

"ಮಣ್ಣಾಗಿಟ್ಟದ್ದ ತಗ್ಯಾಕ ಬರ್ತೇತೇನು? ಹಂತಾ ಪದ್ಧತಿ ನಮ್ಮಲ್ಲಿ ಇಲ್ಲ."

"ಉಳದಾವು ಅದಾವ್ರಿ ಕಾಕಾ, ಅವಕ್ಕೂ ಇದಾ ಆದ್ರ?"

"ಒಯ್ದು ಏನ ಮಾಡ್ತೀರಿ? ತಿರಿಗಿ ತಂದು ಕೊಡ್ತೀರೇನು?"

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. "ಇಲ್ರೀ" ಎಂದೆ. "ಪರೀಕ್ಷಾ ಮಾಡಿದ ಮ್ಯಾಲ ಸುಡ್ತಾರ."

"ಹಂಗಾದ್ರ ಬ್ಯಾಡ" ಎಂದು ಎದ್ದರು ಕಾಕಾ. ಗಾರ್ಡ್ ಕಾನೂನು ಹೇಳಲು ಬಾಯಿ ತೆರೆದರು; ನಾನು ಅವರ ಕಾಲು ತುಳಿದೆ. ಸಂರಕ್ಷಿತ ಹಕ್ಕಿ, ತೆಗೆಯುವ ಹಕ್ಕು ಇಲಾಖೆಗೆ ಇದೆ, ಎಲ್ಲ ಸರಿ. ಆದರೆ ಆ ಹಕ್ಕನ್ನು ಆ ಜಗಲಿಯಲ್ಲಿ ಕುಳಿತು, ಅವರ ಚಹಾ ಕುಡಿದು ಹೇಳುವವಳು ನಾನಾಗಲಾರೆ ಎಂದು ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಾಗಲಿಲ್ಲ.

ಆಗ ಮಾತಾಡಿದ್ದು ಕಾಕು. "ಅಲ್ಲಾ, ನಾ ಒಂದ ಮಾತ ಕೇಳ್ತೇನಿ" ಎಂದರು ಗಂಡನ ಕಡೆ ತಿರುಗಿ. "ನಾಳೆ ನಮ್ಮ ಮಗಳು ಗಂಡನ ಮನ್ಯಾಗ ಏಕಾಏಕಿ ಹೋದ್ಲು ಅಂತ ತಿಳ್ಕೋರಿ. ಅವರು ನಮಗ ಹೇಳದನ ಮಣ್ಣ ಮಾಡಿ, ಬರೇ ದಾಗೀನ ತಂದು ಕೈಯಾಗ ಕೊಟ್ರ, ಸುಮ್ನ ಇಸ್ಕೊಂಡು ಬರ್ತೀರೇನು? ಹೆಂಗ ಹೋದ್ಲು ಅಂತ ಕೇಳಂಗಿಲ್ಲ?"

ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಹಿತ್ತಲಿಗೆ ಹೋಗಿ ಸಲಿಕೆ ತಂದರು. ಹೊಲದಲ್ಲಿ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಯ ಮಣ್ಣನ್ನು ಕೈಯಿಂದಲೇ ಸರಿಸಿದರು. ಪತ್ರಿ ಇನ್ನೂ ಹಸಿರಾಗಿತ್ತು. ರೆಕ್ಕೆಗಳನ್ನು ಮಡಿಸಿ, ತಲೆ ನೇರ ಮಾಡಿ, ಕೂಸನ್ನು ಇಡುವಂತೆ ಇಟ್ಟಿದ್ದರು. ನನ್ನ ಅಂಗೈಗೆ ಆ ದಡದಡ ಬಡಿತ ನೆನಪಾಯಿತು. ಗಾರ್ಡ್ ಕೂಡ ಟೋಪಿ ತೆಗೆದರು.

ಕುಣಿ ಮುಚ್ಚುವ ಮೊದಲು ಕಾಕಾ ಅದರಲ್ಲಿ ಒಂದು ಹಿಡಿ ಜೋಳ ಹಾಕಿದರು. ತೆಗೆದ ಕುಣಿಯನ್ನು ಬರಿದೇ ಮುಚ್ಚಬಾರದು ಎಂದರು. ನಾನು ಐಸ್ ತುಂಬಿದ ಡಬ್ಬಿಯನ್ನು ಎದೆಗವಚಿಕೊಂಡು, ಗಾರ್ಡ್ ಅವರ ಬೈಕಿನ ಹಿಂದೆ ಕುಳಿತು ಹೊರಟೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಗೊಡಲಿಲ್ಲ.

ಆಮೇಲೆ ಕಾಯುವುದು. ಕಾಯುವುದು ನನಗೆ ಶಿಕ್ಷೆ. ಪ್ರಯೋಗಾಲಯ ದೂರದ್ದು, ಅಲ್ಲಿ ನಮ್ಮ ಹಕ್ಕಿಯಂಥವು ಸಾಲುಗಟ್ಟಿ ಕಾಯುತ್ತಿರುತ್ತವೆ. ನಾನು ದಿನಾ ಸಂಜೆ ಹುಲ್ಲುಗಾವಲಿಗೆ ಹೋಗಿ ಇಳಿಯುವ ಸೆಳೆವಗಳನ್ನು ಎಣಿಸುತ್ತಿದ್ದೆ, ಪ್ರತಿ ಸಂಜೆ ಕಮ್ಮಿಯಾದಂತೆ ಕಾಣುತ್ತಿತ್ತು. ಸರ್‌ಗೆ ಫೋನು ಮಾಡಿ ಮಾಡಿ ಬೇಸರ ಹಿಡಿಸಿದೆ. ಜೋಳದ ರಾಶಿಗಳು ಮುಗಿದವು. ಸೆಳೆವಗಳು ಬಡಗಣಕ್ಕೆ ಹೊರಟವು. ಬಿಸಿಲು ನೆತ್ತಿ ಸುಡುವ ಹೊತ್ತಿಗೆ ವರದಿ ಬಂತು.

ಇಲಿ ಪಾಷಾಣ. ಹಕ್ಕಿಯ ಹೊಟ್ಟೆಯಲ್ಲಿ ಅರೆ ಕರಗಿದ ಇಲಿ ಇತ್ತು, ಇಲಿಯೊಳಗೆ ವಿಷವಿತ್ತು. ಸರ್ ಸಮಾಧಾನದ ದನಿಯಲ್ಲಿ, ಕೊನೆಗೂ ಒಂದು ಗಟ್ಟಿ ಉತ್ತರ ಸಿಕ್ಕಿತಲ್ಲಮ್ಮಾ, ಇನ್ನು ಊರೂರಿಗೆ ಹೋಗಿ ಹೇಳಬಹುದು ಎಂದರು. ನಾನು ಹೂಂ ಎಂದೆ. ನನ್ನ ಕಣ್ಣೆದುರು ಬೇರೆಯದೇ ಇತ್ತು. ಅವತ್ತು ಕಾಕಾನ ಹೊಲಕ್ಕೆ ಹೋದಾಗ ಜೋಳದ ಸಾಲಿನ ನಡುವೆ ಒಣಗಿದ ಹಿಟ್ಟಿನ ಉಂಡಿಗಳನ್ನು ಕಂಡಿದ್ದೆ. ಚರಗದ್ದಿರಬೇಕು ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ಇಲಿಗೆ ಪಾಷಾಣವನ್ನು ಹಿಟ್ಟಿನಲ್ಲಿ ಕಲಸಿ, ಉಂಡಿ ಕಟ್ಟಿ ಹಾಕುವುದು ನಮ್ಮ ಕಡೆ ಎಲ್ಲ ಹೊಲಗಳಲ್ಲೂ ನಡೆಯುತ್ತದೆ. ನಮ್ಮ ಅಪ್ಪನೂ ಹಾಕುತ್ತಿದ್ದ.

ಹೇಳದೆ ಇರಬಹುದಿತ್ತು. ಕರೆಂಟಿನ ತಂತಿ ಎಂದಿದ್ದರೆ ಅವರು ನಂಬುತ್ತಿದ್ದರು. ಆ ಊರಿಗೆ ಹೋಗುವ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ, ಜಾಲಿಗಿಡದ ನೆರಳಲ್ಲಿ ಅತ್ತಿತ್ತ ಅಡ್ಡಾಡಿದೆ. ವಾಪಸು ತಿರುಗಿಸಿದೆ. ಮತ್ತೆ ತಿರುಗಿಸಿದೆ. ದನ ಕಾಯುವ ಹೆಂಗಸೊಬ್ಬಳು "ಏನ ಕಳಕೊಂಡೀಯವ್ವಾ?" ಎಂದು ಕೇಳಿದಳು. ಹೇಳದಿದ್ದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಉಂಡಿ, ಅದೇ ಇಲಿ, ಮತ್ತೊಂದು ಹಕ್ಕಿ. ಹೇಳಿದರೆ ಕಾಕಾ ಕುಸಿಯುತ್ತಾರೆ.

ಕಾಕಾ ಮನೆಯ ಮುಂದೆ ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದರು. ನನ್ನ ಮುಖ ನೋಡಿಯೇ ಕೈ ನಿಲ್ಲಿಸಿದರು. "ತಿಳೀತೇನವ್ವಾ?"

"ತಿಳೀತ್ರಿ. ಪಾಷಾಣದ ಇಲಿ ತಿಂದಿತ್ರಿ ಕಾಕಾ."

ಯಾರ ಹೊಲದ ಪಾಷಾಣ ಎಂದು ಅವರು ಕೇಳಲಿಲ್ಲ. ಹೊಸೆದ ಹಗ್ಗ ತೊಡೆಯ ಮೇಲೆ ತಾನಾಗಿಯೇ ಬಿಚ್ಚಿಕೊಂಡಿತು. ಒಳಗಿನಿಂದ ಕಾಕು ಬಂದು ಹೊಸ್ತಿಲಲ್ಲಿ ನಿಂತರು.

"ಚರಗಾ ಚೆಲ್ಲಿದ ಕೈ ಇದು" ಎಂದರು ಕಾಕಾ, ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ. "ಚರಗದಕಿಂತ ಮುಂಚೆ ಉಂಡಿ ಹಾಕಿದ್ದೂ ಇದಾ ಕೈ. ದಾಗೀನ ತಂದು ನಿನ್ನ ಕೈಯಾಗ ಕೊಟ್ಟೆ. ಜೀವಾ ಎಲ್ಲಿಂದ ತಂದು ಕೊಡ್ಲಿ?"

"ನೀವೊಬ್ರ ಹಾಕೀರೇನ್ರಿ? ಎಲ್ಲಾರೂ ಹಾಕ್ತಾರ. ನಮ್ಮಪ್ಪಾನೂ ಹಾಕ್ತಿದ್ದ."

"ಎಲ್ಲಾರ ಹೊಲದಾಗ ಬಿದ್ದಿರಲಿಲ್ಲ ಅದು."

ಕಾಕು ನೀರು ತಂದು ಇಬ್ಬರಿಗೂ ಕೊಟ್ಟರು. ನೀರು ಕುಡಿದು ಕಾಕಾ, "ಅದರ ಊರ ಯಾವದು?" ಎಂದು ಕೇಳಿದರು. ಮೊಬೈಲು ತೆಗೆದು ನಕಾಶೆ ತೋರಿಸಿದೆ. ಹೋದ ಗೆರೆ, ಬಂದ ಗೆರೆ. ಅವರು ಬೆರಳಿಟ್ಟು ತಮ್ಮ ಹೊಲದಿಂದ ಮೇಲೆ ಮೇಲೆ ಹೋದರು, ರಾಜಸ್ಥಾನ ದಾಟಿ, ಗುಡ್ಡಗಳ ಸಂದಿಯಲ್ಲಿ ನುಸುಳಿ, ಹೆಸರು ಹೇಳಿದರೂ ಅವರಿಗೆ ಗೊತ್ತಾಗದ ದೇಶಗಳ ಮೇಲೆ. ಗೆರೆ ಮುಗಿಯುವಲ್ಲಿ ಬೆರಳು ನಿಂತಿತು.

"ಹೆಣ್ಣೋ ಗಂಡೋ?"

"ಹೆಣ್ಣ್ರಿ."

"ಇಷ್ಟ ದೂರದಿಂದ ನಮ್ಮಲ್ಲಿಗೆ ಸೊಸಿ ಹಂಗ ಬಂದಾಕಿ. ಅಲ್ಲಿಗೆ ಸುದ್ದಿ ಮುಟ್ಟಸ್ರಿ. ಹೆಂಗ ಸತ್ಲು ಅಂತ ಖರೇ ಹೇಳ್ರಿ. ನನ್ನ ಹೆಸರ ಹಾಕ್ರಿ." ಬೆರಳು ನಕಾಶೆಯಿಂದ ತೆಗೆದು, "ಇಂಥಾ ಮನಿಗೆ ಇನ್ನೊಮ್ಮೆ ಹೆಣ್ಣ ಯಾರ ಕೊಡ್ತಾರ?" ಎಂದರು.

ವರದಿಯಲ್ಲಿ ಹೆಸರು ಹಾಕುವ ಜಾಗವಿರುವುದಿಲ್ಲ ಎಂದು ನಾನು ಹೇಳಲಿಲ್ಲ. ಆ ದೂರದ ದೇಶದಲ್ಲಿ ಅವೇ ಹಕ್ಕಿಗಳ ಗೂಡು ಕಾಯುವ ಕೆಲವರು ಸರ್‌ಗೆ ಗೊತ್ತಿದ್ದರು, ಅವರಿಗೆ ವರದಿ ಹೋಯಿತು. ಊರೂರು ತಿರುಗಿ ಪಾಷಾಣದ ಮಾತು ಹೇಳುವ ಕೆಲಸ ನನಗೆ ಬಿತ್ತು. ಹೇಳಿದರೆ ಜನ ನಗುತ್ತಿದ್ದರು, "ಇಲಿಗೆ ಏನ ಬುತ್ತಿ ಕಟ್ಟಿ ಕೊಡೂನೇನು?" ಎಂದು ಕೇಳುತ್ತಿದ್ದರು.

ಕಾಕಾ ಮಾತ್ರ ಆ ವರ್ಷ ಉಂಡಿ ಹಾಕಲಿಲ್ಲ. ಜೋಳದ ನಡುವೆ ಅಲ್ಲಲ್ಲಿ ಅಡ್ಡಕೋಲು ಕಟ್ಟಿದ ಗೂಟ ನೆಟ್ಟರು, ರಾತ್ರಿ ಗೂಗಿ, ಅಂದರೆ ಗೂಬೆ, ಕುಳಿತು ಇಲಿ ಹಿಡಿಯಲಿ ಎಂದು. ಗೂಗಿಗಳು ಬಂದವು, ಇಲಿಗಳೂ ತಿಂದಷ್ಟು ತಿಂದವು. "ಮುಂದಿನ ಸಲ ಬರೇ ದಂಟ ಉಳೀತೈತಿ ನೋಡ್ರಿ" ಎಂದು ಕಾಕು ಗೊಣಗಿದರು. ಗೊಣಗುತ್ತಲೇ ಪಾಷಾಣದ ಉಳಿದ ಪುಡಿಯನ್ನು ಕಟ್ಟಿ ನನ್ನ ಕೈಗೆ ಕೊಟ್ಟು, ಎಲ್ಲಾದರೂ ಸರಿಯಾದ ಜಾಗಕ್ಕೆ ಒಯ್ದು ಹಾಕು ಎಂದರು.

ಚಳಿ ಬಿತ್ತು. ಒಂದು ಸಂಜೆ ಕಾಕಾನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹುಲ್ಲುಗಾವಲಿಗೆ ಹೋದೆ. ಅವರ ಹೊಲದಿಂದ ಇಷ್ಟೇ ದೂರ, ಆದರೆ ಹೊತ್ತು ಮುಳುಗುವಾಗ ದನ ಕಟ್ಟುವ ಕೆಲಸ ಬಿಟ್ಟು ಅವರು ಎಂದೂ ಅಲ್ಲಿಗೆ ಬಂದಿರಲಿಲ್ಲ. ಇಬ್ಬರೂ ಬದುವಿನ ಹಿಂದೆ ಕುಳಿತೆವು. ಆಕಾಶ ಖಾಲಿ ಇತ್ತು. ನನ್ನ ಮೊಣಕಾಲು ಅಲುಗತೊಡಗಿತು.

"ಸುದ್ದಿ ಮುಟ್ಟಿತೇನು?" ಎಂದರು ಕಾಕಾ ಮೆಲ್ಲಗೆ.

"ಮುಟ್ಟೇತ್ರಿ."

"ಏನಂದ್ರು ಅವರು?"

ಪಡುವಣದ ಕೆಂಪಿನಲ್ಲಿ ಒಂದು ಬಂತು, ರೆಕ್ಕೆ ಆಡಿಸದೆ, ಹುಲ್ಲಿನ ತುದಿ ಸವರುತ್ತ. ಅದರ ಹಿಂದೆ ಇನ್ನೊಂದು. ಕಂದು ಬಣ್ಣದ್ದು. ಆಮೇಲೆ ಎಲ್ಲ ದಿಕ್ಕಿನಿಂದಲೂ ಬರತೊಡಗಿದವು. ನಾನು ಎಣಿಸಬೇಕಿತ್ತು. ಎಣಿಸಲಿಲ್ಲ.

"ಮತ್ತ ಕಳಸ್ಯಾರ್ರಿ ಕಾಕಾ" ಎಂದೆ.

ಅವರು ತಲೆಯ ಪಟಕಾ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಕತ್ತಲಾಗುವವರೆಗೆ ಹಾಗೇ ಕುಳಿತರು. ನಾನೂ ಕುಳಿತೆ.